ಮಾರುವ ಕಾರಿಗೆ ಎಷ್ಟು ಪೇಂಟು?

ಕಾಸರಗೋಡಿನ ಬದಿಯಡ್ಕದ ಕಡೆ ಅಡಿಕೆ ತೋಟದ ನಡುವಿನ ಮನೆಯಂಗಳದಲ್ಲಿ ಹತ್ತು ವರ್ಷ ಬಿಸಿಲು ಮಳೆ ಕಂಡ ಕಾರು. ಕೆಎಲ್ 14 ನಂಬರು, ಮಾರುತಿಯ ಸಿಲ್ಕಿ ಸಿಲ್ವರ್ ಬಣ್ಣ. ಇಂಜಿನ್, ಗೇರು, ಸಸ್ಪೆನ್ಷನ್ ಎಲ್ಲ ಸರಿ ಇತ್ತು. ಆದರೆ ನೋಡಲು ಬಂದವರು ಬಾನೆಟ್ ಎತ್ತುವ ಮೊದಲೇ ಮೈ ನೋಡಿ ಬೆಲೆ ಇಳಿಸುತ್ತಿದ್ದರು. ಟಾಪಿನ ಮೇಲೆ ಎರಡು ಅಂಗೈಯಗಲ ಜಾಗದಲ್ಲಿ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಹಾವಿನ ಪೊರೆಯ ಹಾಗೆ ಸುಲಿದು ಬಂದಿತ್ತು. ಬಾನೆಟ್ಟಿನಲ್ಲಿ ಹಕ್ಕಿ ಹಿಕ್ಕೆ ತಿಂದ ಕಲೆಗಳು, ಬಲಬದಿಯ ಹಿಂದಿನ ಚಕ್ರದ ಕಮಾನಿನಲ್ಲಿ ತುಕ್ಕಿನ ಗುಳ್ಳೆ, ಎದುರು ಬಂಪರಿನ ಎಡಮೂಲೆ ತರಚಿದ್ದು, ಬಾಗಿಲಿಗೆ ಗೇಟಿನ ಕೆಂಪುಕಲ್ಲಿನ ಕಂಬ ಎಳೆದ ಉದ್ದನೆಯ ಗೀರು.

ತೋರಿಸಿದ ವರ್ಕ್‌ಶಾಪಿನಲ್ಲಿ ಸಿಕ್ಕಿದ ಸಲಹೆ ಒಂದೇ: "ಒಂದೊಂದೇ ಯಾಕೆ ಮಾರಾಯ್ರೆ, ಫುಲ್ ಬಾಡಿ ಹೊಡೆದು ಬಿಡುವ. ಪಳಪಳ ಆಗ್ತದೆ." ಆಗುತ್ತದೆ, ನಿಜ. ಆದರೆ ಹತ್ತು ವರ್ಷದ ಕಾರು ಮೈತುಂಬ ಹೊಸ ಪೇಂಟು ಹೊದ್ದು ನಿಂತರೆ ಕೊಳ್ಳುವವನ ಮನಸ್ಸಿಗೆ ಮೊದಲು ಬರುವ ಮಾತು "ಎಲ್ಲಿ ಗುದ್ದಿದ್ದು?" ಸೆಕೆಂಡ್‌ಹ್ಯಾಂಡ್ ವ್ಯಾಪಾರದಲ್ಲಿ ಕಾರ್ಖಾನೆಯ ಪೇಂಟಿಗಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಹಾಗಾಗಿ ನಾವು ಹಾಕಿಕೊಂಡ ಲೆಕ್ಕ ತಿರುಗಾಮುರುಗ: ಪಾಲಿಶ್‌ನಲ್ಲಿ ಹೋಗುವುದನ್ನು ಪಾಲಿಶ್‌ನಲ್ಲೇ ತೆಗೆಯುವುದು, ಟಚಪ್‌ನಲ್ಲಿ ಮುಗಿಯುವುದನ್ನು ಟಚಪ್‌ನಲ್ಲೇ ಮುಗಿಸುವುದು, ಪೇಂಟ್ ಹೊಡೆಯುವ ಸ್ಪ್ರೇ ಗನ್ ಹಿಡಿಯುವುದು ಬೇರೆ ದಾರಿ ಇಲ್ಲದ ಕಡೆ ಮಾತ್ರ. ಕೊನೆಗೆ ಗನ್ ಹಿಡಿದದ್ದು ಎರಡೇ ಕಡೆ, ಟಾಪು ಮತ್ತು ಬಲ ಕ್ವಾರ್ಟರ್ ಪ್ಯಾನೆಲ್, ಅಂದರೆ ಹಿಂದಿನ ಚಕ್ರದ ಮೇಲಿನ ಬದಿಯ ತಗಡು.

ಮೊದಲು ಬೇಕಾದದ್ದು ಪೇಂಟಿನ ದಪ್ಪ ಅಳೆಯುವ ಮೀಟರು. ಕಾರ್ಖಾನೆಯ ಪೇಂಟು ಎಲ್ಲ ಪದರ ಸೇರಿ ಸಾಧಾರಣ 90ರಿಂದ 130 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 35ರಿಂದ 50. ಪಾಲಿಶ್ ಮಾಡಲು ನಮಗೆ ಸಿಗುವ ಬಂಡವಾಳ ಅಷ್ಟೇ, ಅದರಲ್ಲೂ ಕೆಲವೇ ಮೈಕ್ರಾನ್. ಈ ಕಾರಿನ ಬಾನೆಟ್ 104ರಿಂದ 112 ತೋರಿಸಿತು, ಮೂರು ಬಾಗಿಲು 100ರ ಆಸುಪಾಸು. ಎಡಬದಿಯ ಹಿಂದಿನ ಬಾಗಿಲು ಮಾತ್ರ 236. ಯಾವಾಗಲೋ ಒಮ್ಮೆ ಪೇಂಟಾದದ್ದು, ಮನೆಯವರಿಗೂ ಮರೆತುಹೋಗಿತ್ತು. 500 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ ಎಂದೇ ತಿಳಿಯಬೇಕು. ಪ್ಲಾಸ್ಟಿಕ್ ಬಂಪರಿನ ಮೇಲೆ ಈ ಮೀಟರು ಓಡುವುದಿಲ್ಲ, ಅಡಿಯಲ್ಲಿ ಲೋಹ ಬೇಕು. ಮೀಟರಿಲ್ಲದಿದ್ದರೆ ಫ್ರಿಜ್ಜಿಗೆ ಅಂಟಿಸುವ ತೆಳು ಮ್ಯಾಗ್ನೆಟ್ ಇದೆ. ದಪ್ಪ ಪುಟ್ಟಿ ಇದ್ದಲ್ಲಿ ಅದು ಹಿಡಿಯದೆ ಜಾರುತ್ತದೆ. ಕೊಳ್ಳಲು ಬರುವವರ ಕಿಸೆಯಲ್ಲೂ ಅದೇ ಇರುತ್ತದೆ ಎಂಬುದು ನೆನಪಿರಲಿ.

ಕೆಲಸಕ್ಕೆ ಕೂತದ್ದು ಜನವರಿಯಲ್ಲಿ. ಕಾಸರಗೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದ ಶೆಡ್ಡಿನಲ್ಲಿ ಪೇಂಟಿನ ಮಾತೇ ಬೇಡ. ಥಿನ್ನರ್ ಆರುವಾಗ ತಗಡಿನ ಹಾಳೆಯ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಪೇಂಟು ಮಂಜು ಹಿಡಿದ ಕನ್ನಡಿಯ ಹಾಗೆ ಬೆಳ್ಳಗಾಗುತ್ತದೆ. ಬೇಸಿಗೆಯಲ್ಲೂ ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಸುಮಾರು ಒಂಬತ್ತೂವರೆಯಿಂದ ಹನ್ನೊಂದೂವರೆ ಒಳಗೆ ಗನ್ನಿನ ಕೆಲಸ ಮುಗಿಯಬೇಕು. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ. ಕುಂಬಳೆ, ಉಪ್ಪಳದ ಕರಾವಳಿ ಬದಿಯಲ್ಲಂತೂ ಅದರ ಜೊತೆ ಉಪ್ಪೂ ಬರುತ್ತದೆ.

ತೊಳೆಯುವುದರಲ್ಲೇ ಅರ್ಧ ದಿನ ಹೋಯಿತು. ಶಾಂಪೂ ಹಾಕಿ ತೊಳೆದ ಮೇಲೆ ಉಳಿದದ್ದನ್ನು ಒಂದೊಂದಾಗಿ ಬಿಡಿಸಬೇಕು, ಪ್ರತಿಯೊಂದಕ್ಕೂ ಬೇರೆ ಮದ್ದು. ಹಲಸಿನ ಮೇಣಕ್ಕೆ ತೆಂಗಿನೆಣ್ಣೆ: ಬಟ್ಟೆಯಲ್ಲಿ ನೆನೆಸಿ ಹತ್ತು ನಿಮಿಷ ಇಟ್ಟರೆ ಮೆತ್ತಗಾಗಿ ಬರುತ್ತದೆ, ಉಗುರಿನಿಂದ ಕೆರೆಯಬಾರದು. ಹೆದ್ದಾರಿ ಕೆಲಸದ ಟಾರಿನ ಚುಕ್ಕೆಗಳಿಗೆ ಸೀಮೆಎಣ್ಣೆ, ಹಿಂದೆಯೇ ಸೋಪುನೀರು. ಬ್ರೇಕಿನ ಧೂಳು, ರೈಲ್ವೆ ಸ್ಟೇಷನ್ ಬದಿ ನಿಲ್ಲಿಸಿದಾಗ ಕೂರುವ ಕಬ್ಬಿಣದ ಹುಡಿ ಇವಕ್ಕೆ ಐರನ್ ರಿಮೂವರ್. ಅದು ಕಬ್ಬಿಣ ತಾಗಿದಲ್ಲಿ ನೇರಳೆ ಬಣ್ಣಕ್ಕೆ ತಿರುಗಿ ಹರಿಯುತ್ತದೆ.

ತೋಟದ ಬದಿಯ ಕಾರುಗಳಿಗೆ ಇನ್ನೊಂದು ಕಾಟ ಇದೆ, ಹೊರಗಿನ ಡೀಟೇಲಿಂಗ್ ಅಂಗಡಿಯವರಿಗೆ ಅದರ ಗುರುತು ಸಿಗುವುದೇ ಕಡಿಮೆ. ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಬೋರ್ಡೋ ಮದ್ದು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರದ ತಲೆಯಿಂದ ಹನಿ ಗಾಳಿಯಲ್ಲಿ ತೇಲಿ ಬಂದು ಕಾರಿನ ಮೇಲೆ ಕೂತರೆ ನೀಲಿ ಬಿಳುಪಿನ ಚುಕ್ಕೆ. ಶಾಂಪೂಗೆ ಜಗ್ಗುವುದಿಲ್ಲ, ಪೇಂಟಿಗೆ ಅಂಟಿದ ಕಣ ಎಳೆದು ತೆಗೆಯುವ ಮೆತ್ತನೆಯ ಜೇಡಿಯುಂಡೆ ಕ್ಲೇ ಬಾರ್ ಹಾಕಿ ತಿಕ್ಕಿದರೆ ಸುಣ್ಣದ ಹರಳು ಗೀರೆಳೆಯುತ್ತದೆ. ಬಿಳಿ ವಿನೆಗರ್ ಒಂದು ಪಾಲಿಗೆ ಎರಡು ಪಾಲು ನೀರು ಸೇರಿಸಿ ಬಟ್ಟೆಯಲ್ಲಿ ಒದ್ದೆ ಮಾಡಿ ಎರಡು ನಿಮಿಷ ಹೊದಿಸಿದರೆ ಸುಣ್ಣ ಕರಗುತ್ತದೆ. ನೆರಳಿನಲ್ಲೇ ಮಾಡಬೇಕು, ಮೈ ಮೇಲೆ ಆರಲು ಬಿಡದೆ ಧಾರಾಳ ನೀರಿನಲ್ಲಿ ತೊಳೆಯಬೇಕು. ಅಡಿಯಲ್ಲಿ ಕಲೆ ಉಳಿದಿದ್ದರೆ ಅದು ಪಾಲಿಶ್‌ಗೆ ಬಿಟ್ಟದ್ದು.

ಇಷ್ಟಾದ ಮೇಲೆ ಕ್ಲೇ ಬಾರ್. ಮೈ ಚೊಕ್ಕಟವಾಯಿತೋ ಎಂದು ನೋಡಲು ಕಿರಾಣಿ ಅಂಗಡಿಯ ತೆಳು ಪ್ಲಾಸ್ಟಿಕ್ ತೊಟ್ಟೆಯೊಳಗೆ ಕೈಹಾಕಿ ಪೇಂಟಿನ ಮೇಲೆ ಸವರಬೇಕು. ಬರಿಗೈಗೆ ನುಣ್ಣಗೆ ಕಂಡದ್ದು ತೊಟ್ಟೆಯ ಕೈಗೆ ಮರಳಿನ ಹಾಗೆ ತಾಗುತ್ತದೆ. ಕ್ಲೇ ನೆಲಕ್ಕೆ ಬಿದ್ದರೆ ಎಸೆಯಿರಿ, ತೊಳೆದು ಮತ್ತೆ ತಂದರೆ ನಮ್ಮೂರ ಕೆಂಪು ಮಣ್ಣಿನ ಕಣ ಒಳಗೆ ಕೂತೇ ಇರುತ್ತದೆ.

ಪಾಲಿಶ್‌ನಲ್ಲಿ ಬೆಳ್ಳಿ ಬಣ್ಣದಷ್ಟು ಒಳ್ಳೆಯದು ಬೇರೆ ಇಲ್ಲ, ಸಣ್ಣ ಸುತ್ತುಗೀರುಗಳನ್ನು ಅದು ತಾನೇ ಮುಚ್ಚಿಕೊಳ್ಳುತ್ತದೆ. ಪೇಂಟ್ ಹೊಡೆಯುವಾಗ ಅದರಷ್ಟು ಹಟಮಾರಿಯೂ ಬೇರೆ ಇಲ್ಲ, ಅದು ಮುಂದೆ. ಬಾನೆಟ್ಟಿನಲ್ಲಿ ಒಂದೂವರೆ ಅಡಿ ಚೌಕ ಟೇಪು ಹಾಕಿ ಮೊದಲು ಮೆದು ಪ್ಯಾಡ್, ಮೆದು ಪಾಲಿಶ್ ಹಾಕಿ ನೋಡಿದೆವು. ಸಾಕಾಗದೆ ಕಾಂಪೌಂಡಿಗೆ, ಅಂದರೆ ಪಾಲಿಶ್‌ಗಿಂತ ಒರಟಾಗಿ ಉಜ್ಜುವ ಪೇಸ್ಟಿಗೆ ಏರಿದೆವು. ಮೆಷಿನ್ ಡ್ಯುಯಲ್ ಆಕ್ಷನ್ನಿನದು, ಪ್ಯಾಡು ತಿರುಗುತ್ತಲೇ ಆಚೀಚೆ ಅಲುಗುವಂಥದ್ದು. ಉಣ್ಣೆ ಪ್ಯಾಡಿನ, ಬರೇ ಗಿರಗಿರ ತಿರುಗುವ ರೋಟರಿ ಬೇಗ ಕೆಲಸ ಮಾಡುತ್ತದೆ, ಆದರೆ ಕೈಪಳಗದವರು ಹಿಡಿದರೆ ಬಿಸಿಲಿನಲ್ಲಿ ನಿಲ್ಲಿಸಿದಾಗ ಬಾನೆಟ್ ತುಂಬ ಜೇಡರ ಬಲೆ ಕಾಣುತ್ತದೆ. ಪ್ಯಾನೆಲಿನ ಅಂಚು, ಮಡಿಕೆ ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಾಕಿಯೇ ಮೆಷಿನ್ ಇಡಬೇಕು. ಪೇಂಟು ಹಸಿಯಿದ್ದಾಗ ಚೂಪು ಅಂಚಿನಿಂದ ಹಿಂದಕ್ಕೆ ಸರಿದಿರುತ್ತದೆ, ಅಲ್ಲಿ ಪದರ ಯಾವಾಗಲೂ ತೆಳು. ಒಂದೇ ಎಳೆತಕ್ಕೆ ಬಣ್ಣದಡಿಯ ಪ್ರೈಮರ್ ಪದರ ಕಾಣಿಸಿಕೊಂಡ ಬಾನೆಟ್‌ಗಳು ಬೇಕಾದಷ್ಟಿವೆ.

ಹಿಕ್ಕೆ ತಿಂದ ಕಲೆ ಐದಿದ್ದವು. 2000 ನಂಬರಿನ ವಾಟರ್ ಪೇಪರನ್ನು (ಒದ್ದೆಯಾಗಿ ಉಜ್ಜುವ ಮರಳುಕಾಗದ, ನಂಬರು ಏರಿದಷ್ಟು ನುಣುಪು) ಸೋಪುನೀರಿನಲ್ಲಿ ಕಾಲು ಗಂಟೆ ನೆನೆಸಿ, ಸಣ್ಣ ರಬ್ಬರ್ ತುಂಡಿಗೆ ಸುತ್ತಿ, ಕಲೆಯಷ್ಟೇ ಜಾಗದಲ್ಲಿ ಹತ್ತು ಎಳೆತ, ಒರೆಸಿ ನೋಡುವುದು, ಮೀಟರ್ ಇಡುವುದು. ಆಮೇಲೆ 3000, ಕಾಂಪೌಂಡ್, ಪಾಲಿಶ್. ಮೂರು ಕಲೆ ಪೂರ್ತಿ ಹೋದವು. ಉಳಿದೆರಡರಲ್ಲಿ ಮೀಟರು 5 ಮೈಕ್ರಾನ್ ಇಳಿದಾಗ ನಿಲ್ಲಿಸಿದೆವು. ಗುಂಡಿ ಇನ್ನೂ ಕಾಣುತ್ತಿತ್ತು, ಇರಲಿ. ಬಿಸಿಲಿನ ಕಿರಣ ತಡೆಯುವ ಶಕ್ತಿ ಇರುವುದು ಕ್ಲಿಯರ್ ಕೋಟ್‌ನಲ್ಲಿ. ಅದನ್ನು ಸವೆಸಿ ಹೊಳಪು ತಂದರೆ ಕೊಂಡವನ ಮನೆಯಲ್ಲಿ ಎರಡು ವರ್ಷಕ್ಕೆ ಸುಲಿಯಲು ಶುರು.

ಬಾಗಿಲಿನ ಗೀರಿಗೆ ಉಗುರಿನ ಪರೀಕ್ಷೆ. ಉಗುರು ಸಿಕ್ಕಿಕೊಳ್ಳದ ಭಾಗ ಕಾಂಪೌಂಡಿನಲ್ಲಿ ಹೋಯಿತು. ಸಿಕ್ಕಿಕೊಳ್ಳುವ ಗೇಣುದ್ದಕ್ಕೆ ಟಚಪ್: ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹಲ್ಲುಕಡ್ಡಿಯ ತುದಿಯಲ್ಲಿ ಬಣ್ಣ ತೆಗೆದು ಗೀರಿನ ಒಳಗಷ್ಟೇ ಹರಿಯಬಿಡುವುದು, ಅರ್ಧ ಗಂಟೆ ಬಿಟ್ಟು ಎರಡನೆಯದು, ಮರುದಿನ ಕ್ಲಿಯರಿನ ಹನಿ. ಬಾಟಲಿಯ ಜೊತೆ ಬರುವ ಕುಂಚದಿಂದ ಮಾಡಿದರೆ ಗೀರಿಗಿಂತ ಅಗಲದ ಪಟ್ಟೆಯಾಗುತ್ತದೆ. ಬಂಪರಿನಲ್ಲಿ ಅರ್ಧಕ್ಕರ್ಧ ಬಿಳಿ ತರಚು ಬಂಪರಿನದೇ ಅಲ್ಲ, ತಾಗಿದ ಗೋಡೆಯ ಸುಣ್ಣಬಣ್ಣ. ಕಾಂಪೌಂಡ್ ಹಾಕಿ ಕೈಯಲ್ಲೇ ಉಜ್ಜಿದಾಗ ಬಂತು. ಉಳಿದದ್ದನ್ನು ಹಾಗೇ ಬಿಟ್ಟೆವು. ಹಳೆ ಕಾರಿನ ಬಂಪರಿನ ತರಚನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಇನ್ನು ತುಕ್ಕು. ಹೊರಗೆ ಕಂಡದ್ದು ಎರಡು ರೂಪಾಯಿ ನಾಣ್ಯದಷ್ಟು ಗುಳ್ಳೆ. 80 ನಂಬರಿನ ಪೇಪರಿನಲ್ಲಿ ಬಿಡಿಸುತ್ತ ಹೋದಾಗ ಅಂಗೈಯಷ್ಟಾಯಿತು. ತುಕ್ಕಿನ ಲೆಕ್ಕ ಯಾವಾಗಲೂ ಹೀಗೆಯೇ, ಕಂಡದ್ದರ ಮೂರು ಪಾಲು ಅಡಿಯಲ್ಲಿರುತ್ತದೆ. ಕಾರಣ ಕಮಾನಿನ ಒಳಮಡಿಕೆಯಲ್ಲಿತ್ತು. ಕೈಬೆರಳು ಹಾಕಿ ಎಳೆದಾಗ ಗಟ್ಟಿಯಾಗಿ ಕೂತ ಕೆಂಪು ಮಣ್ಣು ಇಟ್ಟಿಗೆಯ ತುಂಡಿನ ಹಾಗೆ ಕಳಚಿ ಬಂತು, ಒಳಗೆ ಇನ್ನೂ ತಂಪು. ಮಳೆಗಾಲವಿಡೀ ಅದು ಸ್ಪಂಜಿನ ಹಾಗೆ ನೀರು ಹಿಡಿದು ಕೂತಿರುತ್ತದೆ. ಹೊರಗೆ ಎಷ್ಟು ಚೆಂದ ಪೇಂಟು ಬಳಿದರೂ ಆ ಮಣ್ಣು ತೆಗೆಯದಿದ್ದರೆ ಮುಂದಿನ ಆಟಿಯ ಮಳೆಗೆ ಗುಳ್ಳೆ ತಿರುಗಿ ಬರುತ್ತದೆ. ಸ್ಕ್ರೂಡ್ರೈವರಿನ ತುದಿಯಲ್ಲಿ ಒತ್ತಿ ನೋಡಿದೆವು. ತೂತಾಗಲಿಲ್ಲ. ತೂತಾಗಿದ್ದರೆ ಹಾಳೆ ಕತ್ತರಿಸಿ ವೆಲ್ಡಿಂಗ್ ಬೇಕು, ತೂತಿನ ಮೇಲೆ ಪುಟ್ಟಿ ಮೆತ್ತುವುದು ಕೆಲಸವಲ್ಲ, ಮೋಸ.

ಹೊಳೆಯುವ ಉಕ್ಕು ಕಾಣುವ ತನಕ ಉಜ್ಜಿ, ವ್ಯಾಕ್ಸ್ ಗ್ರೀಸ್ ರಿಮೂವರ್‌ನಲ್ಲಿ ಒರೆಸಿ, ಎರಡು ತೆಳು ಕೋಟ್ ಎಪಾಕ್ಸಿ ಪ್ರೈಮರ್. ಒರೆಸಿದ ಮೇಲೆ ಬರಿಗೈ ತಾಗಿಸಬಾರದು, ಬೆವರಿನ ಉಪ್ಪು ಅಲ್ಲೇ ಕೂತು ತುಕ್ಕು ಹುಟ್ಟಿಸುತ್ತದೆ. ಬರಿ ಉಕ್ಕನ್ನು ನಾಳೆಗೆ ಇಡುವುದೂ ಇಲ್ಲ. ಇಲ್ಲಿಯ ಹವೆಯಲ್ಲಿ ಒಂದು ರಾತ್ರಿಗೆ ಕೇಸರಿ ಬಣ್ಣ ಹಿಡಿದಿರುತ್ತದೆ. ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುವ ರಸ್ಟ್ ಕನ್ವರ್ಟರ್ ಹಾಕಲಿಲ್ಲ. ಪೇಪರ್ ಎಟುಕದ ಸಂದಿಗೆ ಅದು ಸರಿ, ಆದರೆ ಅದರ ಫಾಸ್ಫಾರಿಕ್ ಆಮ್ಲದ ಶೇಷ ಉಳಿದರೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ.

ತಗ್ಗು ತುಂಬಲು ಪಾಲಿಯೆಸ್ಟರ್ ಪುಟ್ಟಿ, 100 ಗ್ರಾಮಿಗೆ ಹಾರ್ಡನರ್ 2 ಗ್ರಾಮ್. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕುವ ಅಭ್ಯಾಸ ಬಹಳ ಕಡೆ ಇದೆ. ಹೆಚ್ಚಾದ ಹಾರ್ಡನರಿನ ಪೆರಾಕ್ಸೈಡ್ ಮೇಲಿನ ಬಣ್ಣಕ್ಕೆ ಏರಿ ತಿಂಗಳೊಳಗೆ ಕಲೆ ತೋರಿಸುತ್ತದೆ. 32 ಡಿಗ್ರಿ ಸೆಕೆಯಲ್ಲಿ ಕಲಸಿದ ಪುಟ್ಟಿ ನಾಲ್ಕೈದು ನಿಮಿಷಕ್ಕೇ ಬಿಗಿಯುತ್ತದೆ, ನಿಂಬೆಹಣ್ಣಿನ ಗಾತ್ರಕ್ಕಿಂತ ಹೆಚ್ಚು ಒಮ್ಮೆಗೆ ಕಲಸಿದರೆ ಅರ್ಧ ದಂಡ. ಒಟ್ಟು ದಪ್ಪ 2 ಮಿಲಿಮೀಟರ್ ದಾಟದ ಹಾಗೆ ನೋಡಿಕೊಂಡೆವು. ಉಜ್ಜುವುದು ಒಣಗಿಸಿಯೇ: 80, 120, 180, 240. ನಮ್ಮ ಕಡೆ ಪುಟ್ಟಿಗೆ ನೀರು ಹಾಕಿ ಉಜ್ಜುವುದು ರೂಢಿ. ಧೂಳು ಏಳುವುದಿಲ್ಲ, ಕೈಗೂ ಸುಖ. ಆದರೆ ಪುಟ್ಟಿಯಲ್ಲಿರುವ ಟಾಲ್ಕ್ ನೀರು ಕುಡಿಯುತ್ತದೆ, ಮೇಲೆ ಪೇಂಟು ಮುಚ್ಚಿದ ಮೇಲೆ ಬಿಸಿಲಿಗೆ ಆ ನೀರು ಗುಳ್ಳೆಯಾಗಿ ಏಳುತ್ತದೆ. ಪೇಂಟ್ ಮಾಡಿಸಿ ವರ್ಷ ಆಗಿಲ್ಲ, ಗುಳ್ಳೆ ಬಂತು ಎನ್ನುವವರ ಕಾರಿನಲ್ಲಿ ಬಹಳ ಸಲ ನಡೆದಿರುವುದು ಇದೇ.

ಟಾಪಿನ ಕ್ಲಿಯರ್ ಸುಲಿದದ್ದಕ್ಕೆ ಪಾಲಿಶ್, ವ್ಯಾಕ್ಸ್, ಸ್ಪ್ರೇ ಡಬ್ಬಿ ಯಾವುದೂ ನಡೆಯುವುದಿಲ್ಲ. ಪ್ಯಾನೆಲಿನ ನಡುವೆ ಕ್ಲಿಯರನ್ನು ನಿಲ್ಲಿಸಿದರೆ ಆ ಗೆರೆ ಇಂದಲ್ಲ ನಾಳೆ ಕಾಣುತ್ತದೆ, ಅಲ್ಲಿಂದಲೇ ಮತ್ತೆ ಸುಲಿಯುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಾರಿನ ಜೋಡಣೆಯೇ ಹೇಳುತ್ತದೆ. ಟಾಪಿನ ಎರಡೂ ಬದಿಯ ಕಪ್ಪು ರಬ್ಬರ್ ಪಟ್ಟಿ ಕಳಚಿದರೆ ಅಡಿಯಲ್ಲಿ ಕಾಲುವೆಯಂಥ ಸಂದಿ ಇದೆ. ಟಾಪ್ ಮತ್ತು ಕ್ವಾರ್ಟರ್ ಪ್ಯಾನೆಲ್ ಸೇರುವುದು ಅಲ್ಲೇ. ಎರಡನ್ನೂ ಒಂದೇ ದಿನ ಹೊಡೆದು ಕ್ಲಿಯರನ್ನು ಆ ಸಂದಿಯಲ್ಲಿ ಮುಗಿಸಿದೆವು. ಸುಲಿದ ಅಂಚುಗಳನ್ನು 320ರಲ್ಲಿ ಇಳಿಜಾರು ಮಾಡಿ, ಕ್ಲಿಯರ್ ಸಡಿಲ ಇರುವಷ್ಟನ್ನೂ ತೆಗೆದು, ಬೇಸ್, ಅಂದರೆ ಕ್ಲಿಯರಿನ ಅಡಿಯ ಬಣ್ಣದ ಪದರ, ಹರಿದಲ್ಲಿ ಹಾರ್ಡನರ್ ಬೆರೆಸಿ ಹೊಡೆಯುವ ಟೂಕೆ ಪ್ರೈಮರ್. ಪ್ರೈಮರನ್ನು ಒಂದು ರಾತ್ರಿ ಪೂರ್ತಿ ಬಿಟ್ಟೆವು. ಅವಸರ ಮಾಡಿದರೆ ಅದು ಆಮೇಲೆ ಕುಗ್ಗಿ ಉಜ್ಜಿದ ಗೆರೆಗಳನ್ನೆಲ್ಲ ಮೇಲೆ ತೋರಿಸುತ್ತದೆ. ಮರುದಿನ ಬಣ್ಣ ಬೀಳುವ ಜಾಗಕ್ಕೆ 800, ಬರಿ ಕ್ಲಿಯರ್ ಬೀಳುವ ಜಾಗಕ್ಕೆ 1000 ನೀರಿನಲ್ಲಿ.

ಬಣ್ಣದ ಕೋಡು ಝಡ್2ಎಸ್. ಆದರೆ ಕೋಡಿನ ಪ್ರಕಾರ ಕಲಸಿದ ಬಣ್ಣ ಹತ್ತು ವರ್ಷದ ಬಿಸಿಲು ತಿಂದ ಬಣ್ಣಕ್ಕೆ ಹಾಗೇ ಕೂರುವುದಿಲ್ಲ. ಪೆಟ್ರೋಲ್ ಮುಚ್ಚಳವನ್ನು ಪಾಲಿಶ್ ಮಾಡಿ ಕಳಚಿ ಕಲಸುವ ಅಂಗಡಿಗೆ ಒಯ್ದೆವು. ತಗಡಿನ ತುಂಡಿನ ಮೇಲೆ ಹೊಡೆಸಿ, ಕ್ಲಿಯರ್ ಹಾಕಿಸಿ, ಒಣಗಿದ ಮೇಲೆ ಬಿಸಿಲಿನಲ್ಲೂ ನೆರಳಿನಲ್ಲೂ, ನೇರವಾಗಿಯೂ ಓರೆಯಾಗಿಯೂ ಹಿಡಿದು ನೋಡಬೇಕು. ಬೆಳ್ಳಿ ಬಣ್ಣ ಎದುರಿನಿಂದ ಸರಿ ಕಂಡು ಓರೆಯಿಂದ ಕಪ್ಪಾಗುವುದುಂಟು. ಒಳಗಿನ ಅಲ್ಯೂಮಿನಿಯಂ ಹುಡಿ ಹೇಗೆ ಮಲಗಿದೆ ಎಂಬುದರ ಮೇಲೆ ಬಣ್ಣ ನಿಂತಿದೆ: ಒದ್ದೆಯಾಗಿ ಹೊಡೆದರೆ ಗಾಢ, ಒಣಕಲಾಗಿ ಹೊಡೆದರೆ ತಿಳಿ. ಬಣ್ಣ ತಂದದ್ದು 600 ಮಿಲಿ. ಬೇಸ್ ಬಣ್ಣಕ್ಕೆ 50-60 ಶೇಕಡಾ ನಿಧಾನ ಆರುವ ಥಿನ್ನರ್. ಕ್ಲಿಯರ್ 600 ಮಿಲಿ, ಅದರ ಹಾರ್ಡನರ್ 300. ಅದನ್ನು ಎರಡು ಪಾಲು ಮಾಡಿ ಬೇಕಾದಾಗಲೇ ಕಲಸಿದ್ದು, ಒಮ್ಮೆಗೆ ಕಲಸಿದರೆ ಸೆಕೆಗೆ ಡಬ್ಬಿಯಲ್ಲೇ ದಪ್ಪಗಾಗುತ್ತದೆ. ಪ್ರಮಾಣ ಕಂಪೆನಿಯಿಂದ ಕಂಪೆನಿಗೆ ಬದಲಾಗುತ್ತದೆ, ಡಬ್ಬಿಯ ಮೇಲೆ ಬರೆದದ್ದೇ ಕೊನೆಯ ಮಾತು.

ಕ್ಲಿಯರಿನ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ, ಶ್ವಾಸಕ್ಕೆ ಅಪಾಯದ ರಾಸಾಯನಿಕ ಇರುತ್ತದೆ. ಕರ್ಚೀಫು, ಕೊರೊನಾ ಕಾಲದ ಎನ್95 ಯಾವುದೂ ಸಾಲದು. ಕಾರ್ಟ್ರಿಜ್ ಹಾಕಿದ ಮಾಸ್ಕ್, ಗ್ಲೌಸ್, ತುಂಬುತೋಳಿನ ಅಂಗಿ ಬೇಕೇ ಬೇಕು. ಇದರಿಂದ ಒಮ್ಮೆ ಉಬ್ಬಸ ಹಿಡಿದರೆ ಆಮೇಲೆ ಸ್ವಲ್ಪ ವಾಸನೆಗೂ ಕೆರಳುತ್ತದೆ.

ಬೇಸಿನ ಮೊದಲ ಕೋಟ್ ಟಾಪಿನ ಹಿಂಭಾಗಕ್ಕೆ ಬಂದಾಗ ಬಣ್ಣ ಅಲ್ಲಲ್ಲಿ ಸರಿದು ಕಡಲೆಕಾಳಿನಷ್ಟು ಗುಂಡಿಗಳಾದವು, ಪ್ರತಿ ಗುಂಡಿಯ ನಡುವೆ ಪ್ರೈಮರ್ ಕಾಣುತ್ತಿತ್ತು. ಪೇಂಟಿನವರು ಇದಕ್ಕೆ ಫಿಶ್ ಐ ಎನ್ನುತ್ತಾರೆ. ಹುಡುಕಿದರೆ ಸಿಲಿಕೋನ್: ಹಿಂದಿನ ದಿನ ಅದೇ ಶೆಡ್ಡಿನಲ್ಲಿ ಇನ್ನೊಂದು ಗಾಡಿಯ ಡ್ಯಾಶ್‌ಬೋರ್ಡಿಗೆ ಹೊಳಪಿನ ಸ್ಪ್ರೇ ಹೊಡೆದಿದ್ದರು. ಕಣ್ಣಿಗೆ ಕಾಣದ ಆ ಹನಿ ಸಾಕು. ಮೇಲಿಂದ ಇನ್ನೊಂದು ದಪ್ಪ ಕೋಟ್ ಹಾಕಿ ಮುಚ್ಚುವ ಎಂದರೆ ಗುಂಡಿ ದೊಡ್ಡದಾಗುತ್ತದೆ. ಅರ್ಧ ಗಂಟೆ ಒಣಗಲು ಬಿಟ್ಟು, 800ರಲ್ಲಿ ಉಜ್ಜಿ, ರಿಮೂವರ್‌ನಲ್ಲಿ ಎರಡು ಬಟ್ಟೆ ಹಿಡಿದು ಒರೆಸಿದೆವು. ಒಂದು ಒದ್ದೆ, ಹಿಂದೆಯೇ ಒಂದು ಒಣ. ಒದ್ದೆಯದೊಂದರಿಂದಲೇ ಒರೆಸಿದರೆ ಎಣ್ಣೆ ಜಾಗ ಬದಲಾಯಿಸುತ್ತದೆ ಅಷ್ಟೆ. ಆಮೇಲೆ ಮಂಜಿನಂಥ ಎರಡು ತೆಳು ಕೋಟ್, ಅದರ ಮೇಲೆ ಸರಿಯಾದ ಕೋಟ್. ಸಂದೇಹಕ್ಕೆ ಕಂಪ್ರೆಸರಿನ ಟ್ಯಾಂಕಿನ ಅಡಿಯ ಕೊಳವೆಯನ್ನೂ ಬಿಟ್ಟು ನೋಡಿದರೆ ಅರ್ಧ ಲೋಟ ಕಂದು ನೀರು ಬಂತು. ಕರಾವಳಿಯ ಗಾಳಿ ಒತ್ತಿದರೆ ನೀರೇ. ಪ್ರತಿ ಅರ್ಧ ಗಂಟೆಗೊಮ್ಮೆ ಬಿಡಬೇಕು.

ಗನ್ ಹಾಳೆಯಿಂದ 15-20 ಸೆಂಟಿಮೀಟರ್ ದೂರ, ಪ್ರತಿ ಎಳೆತ ಹಿಂದಿನದರ ಅರ್ಧ ಮುಚ್ಚುವ ಹಾಗೆ, ಕೋಟಿನ ನಡುವೆ ಹತ್ತು ನಿಮಿಷ. ಬೆಳ್ಳಿಗೆ ಕೊನೆಯಲ್ಲೊಂದು ಕೋಟ್ ಒತ್ತಡ ಇಳಿಸಿ, 30 ಸೆಂಟಿಮೀಟರ್ ದೂರದಿಂದ ಉದುರಿಸಿದ ಹಾಗೆ. ಅದಿಲ್ಲದಿದ್ದರೆ ಹುಲಿವೇಷದ ಪಟ್ಟೆಗಳು ಕಾಣುತ್ತವೆ. ಕ್ವಾರ್ಟರ್ ಪ್ಯಾನೆಲಿನಲ್ಲಿ ಬಣ್ಣವನ್ನು ಕಮಾನಿನ ಸುತ್ತ ಒಂದಡಿಯಷ್ಟು ಮಸುಕಾಗಿಸಿ ಹಳೆ ಬಣ್ಣದಲ್ಲಿ ಕರಗಿಸಿ, ಕ್ಲಿಯರ್ ಮಾತ್ರ ಪೂರ್ತಿ ಪ್ಯಾನೆಲಿಗೆ ಎರಡು ಕೋಟ್. ಟಾಪಿನಲ್ಲಿ ಬಣ್ಣ ಕೂದಲೆಳೆ ಬೇರೆಯಾದರೂ ನಡೆಯುತ್ತದೆ. ಅದು ಮಲಗಿದ ಹಾಳೆ, ನಿಂತ ಬಾಗಿಲಿಗೆ ಬೀಳುವ ಬೆಳಕೇ ಅದಕ್ಕೆ ಬೀಳುವುದಿಲ್ಲ. ಬಾಗಿಲಿನ ಪಕ್ಕದ ಕ್ವಾರ್ಟರಿನಲ್ಲಿ ಆ ರಿಯಾಯಿತಿ ಇಲ್ಲ.

ಹಿಂದಿನ ಗ್ಲಾಸಿನ ಮೇಲಂಚಿನಲ್ಲಿ ಕ್ಲಿಯರ್ ಒಂದು ಕಡೆ ಇಳಿದು ಹನಿಗಟ್ಟಿತು. ಹಸಿಯಲ್ಲಿ ಮುಟ್ಟಲಿಲ್ಲ. ನಾಲ್ಕನೆಯ ದಿನ ಬ್ಲೇಡಿನಲ್ಲಿ ನೆತ್ತಿ ಕೆತ್ತಿ, 1500, 2000, 3000 ಉಜ್ಜಿ ಕಾಂಪೌಂಡ್. ಧೂಳಿನ ಕಾಳುಗಳಿಗೂ ಅದೇ ಮದ್ದು. ಮೀಟರು ಟಾಪಿನಲ್ಲಿ 170ರಿಂದ 190, ಕಮಾನಿನಲ್ಲಿ ಪುಟ್ಟಿ ಇದ್ದ ಕಡೆ 600ರ ತನಕ. ಹೊಸ ಪೇಂಟಿಗೆ ಒಂದು ತಿಂಗಳು ವ್ಯಾಕ್ಸ್ ಬೇಡ, ಒಳಗಿನ ದ್ರಾವಕ ಹೊರಗೆ ಹೋಗಬೇಕು. ಉಳಿದ ಮೈಗೆ ಅಂದೇ ಹಾಕಿದ್ದಾಯಿತು. ಕಮಾನಿನ ಒಳಮಡಿಕೆಗೆ ಅಂಡರ್‌ಬಾಡಿ ವ್ಯಾಕ್ಸ್.

ನೋಡಲು ಬಂದವರಿಗೆ ತೋರಿಸಲು ತುಕ್ಕು ಬಿಡಿಸಿದ ಹಂತದ, ಪ್ರೈಮರ್ ಹಂತದ ಫೋಟೋ ತೆಗೆದಿಟ್ಟಿದ್ದೆವು. ಟಾಪು, ಬಲ ಕ್ವಾರ್ಟರ್, ಹಳೆಯ ಎಡ ಬಾಗಿಲು ಮೂರೂ ಪೇಂಟಾದದ್ದು ಎಂದು ಅವರು ಕೇಳುವ ಮೊದಲೇ ಹೇಳಿ, ಮೀಟರನ್ನು ಅವರ ಕೈಗೇ ಕೊಟ್ಟದ್ದು. ಬಾನೆಟ್ಟಿನ ಎರಡು ಕಲೆಯ ಬಗ್ಗೆ ಚರ್ಚೆಯೇ ಆಗಲಿಲ್ಲ, ಮೀಟರು 106 ತೋರಿಸಿತ್ತು. ಗಡಿ ದಾಟಿ ಮಂಗಳೂರಿನವರು ಕೊಳ್ಳುವುದಾದರೆ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ), ಅಂದರೆ 28ನೇ ನಮೂನೆ ಬೇಕು. ಮಾಲೀಕತ್ವ ಬದಲಾವಣೆಯ 29, 30ನೇ ನಮೂನೆ ಹೇಗೂ ಇದ್ದದ್ದೇ. ಆರ್‌ಸಿಯಲ್ಲಿ ಬರೆದ ಬಣ್ಣವೇ ಮೈಮೇಲೂ ಇರಬೇಕು, ಬೇರೆ ಬಣ್ಣ ಹೊಡೆಸಿದರೆ ಮೊದಲು ಆರ್‌ಸಿ ತಿದ್ದಿಸಬೇಕಾಗುತ್ತದೆ.

ಥಿನ್ನರ್ ಸೇರಿಸದ 60 ಮಿಲಿ ಬೇಸ್ ಉಳಿದಿತ್ತು. ಟಾನಿಕ್ಕಿನ ಗಾಜಿನ ಬಾಟಲಿಗೆ ಹಾಕಿ, ಒಳಗೆ ಕಲಕಲು ಎರಡು ಸ್ಟೀಲ್ ಗುಂಡು ಬಿಟ್ಟು, ಮೇಲೆ ಝಡ್2ಎಸ್ ಎಂದೂ ಕಲಸಿದ ತಿಂಗಳನ್ನೂ ಬರೆದು ಸ್ಟೆಪ್ನಿಯ ಪಕ್ಕ ಇಟ್ಟೆವು.